ಮೂಸಿ ನೋಡಿ, ಸಾರ್

ಊರೆಲ್ಲ ಬೆಳಿಗ್ಗೆ ನೀರು ಸುರಿದು ಮರೆತದ್ದು ಕೊನೆಗೆ ಬಂದು ಸೇರುವುದು ಸಲಿಕೆಯಕ್ಕನ ಕಾಲಡಿಗೆ. ಚರಂಡಿ ನೀರು ಸೋಸಿ ಉಳಿದ ಕೆಸರನ್ನು ಸಿಮೆಂಟು ಕಟ್ಟೆಯ ಮೇಲೆ ಹರವಿ, ಸಲಿಕೆಯಿಂದ ಮಗುಚಿ, ಒಣಗಿತೇ ಎಂದು ಬರಿಗಾಲಲ್ಲಿ ತುಳಿದು ನೋಡುವುದು ಅವಳ ಕೆಲಸ. ಒಣಗಿದ್ದು ಈಗ ಇಟ್ಟಿಗೆಯಾಗಿ ಹೊಸ ಬಾಯ್ಲರಿಗೆ ಹೋಗಿ ಬೆಂಕಿಯಾಗುತ್ತದೆ. ಅಲ್ಲಿ ದುಡಿಯುವವರ ಮೂಗುಗಳೆಲ್ಲ ಎಂದೋ ಸತ್ತಿದ್ದವು.

ಬೀಗಿತ್ತಿಯ ಮೂಗು ಮಾತ್ರ ಚುರುಕಾಗಿತ್ತು. ಮಗಳು ಹೆತ್ತ ಕೂಸನ್ನು ನೋಡಲು ಓಡಿದ ಅಕ್ಕನನ್ನು ಬಾಗಿಲಲ್ಲೇ ತಡೆದಳು.

"ಬಿಸಿನೀರಲ್ಲಿ ಚೆನ್ನಾಗಿ ತಿಕ್ಕೊಂಡು ಬನ್ನಿ ಬೀಗ್ರೇ. ಎಳೇ ಕೂಸು."

ತಣ್ಣೀರಿಗೆ ಆ ವಾಸನೆ ಜಗ್ಗುವುದಿಲ್ಲ. ಅಕ್ಕ ಕೂಸನ್ನು ದೂರದಿಂದಲೇ ನೋಡಿ ವಾಪಸು ಬಂದಳು.

"ಬಾಯ್ಲರ್ ಶುರುವಾಗ್ಲಿ, ನಿಮಗೆಲ್ಲ ಬಿಸಿನೀರೋ ಬಿಸಿನೀರು" ಎಂದು ಮ್ಯಾನೇಜರು ಆ ಸತ್ತ ಮೂಗುಗಳಿಗೂ ತುಪ್ಪ ಸವರಿದ್ದ. ಬಾಯ್ಲರು ಶುರುವಾಯಿತು. ಪೈಪು ಮಾತ್ರ ಕೆಲಸಗಾರರ ಶೆಡ್ಡಿನ ಪಕ್ಕದಲ್ಲೇ ಹಾದು ನೆಟ್ಟಗೆ ಸಾಹೇಬರ ಅತಿಥಿಗೃಹಕ್ಕೆ ಹೋಯಿತು. ಕೇಳಿದರೆ, "ನೋಡೋಣ, ನೋಡೋಣ."

ಬಾಯ್ಲರಿನ ವಿಧ್ಯುಕ್ತ ಉದ್ಘಾಟನೆಯ ದಿನ ಮ್ಯಾನೇಜರು ಮೈಕಿನ ಮುಂದೆ ಉಬ್ಬಿ ನಿಂತ. "ಇದು ಹೊಲಸಲ್ಲ, ಬಂಗಾರ!" ಚಪ್ಪಾಳೆಯೋ ಚಪ್ಪಾಳೆ. ಶೆಡ್ಡಿನ ಹಿಂದೆ ನಿಂತಿದ್ದ ಅಕ್ಕನಿಗೆ ನಗು ತಡೆಯಲಾಗಲಿಲ್ಲ.

"ಕೇಳಿದ್ರೇನ್ರೇ? ನಾವು ಮೈಗೆಲ್ಲ ಬಂಗಾರ ಮೆತ್ಕೊಂಡಿದೀವಂತೆ! ಬನ್ರೇ, ತೊಳ್ಕೊಳ್ಳೋಣ."

"ಎಲ್ಲಿ?"

"ನಮ್ಮ ಬೆಂಕಿ ಎಲ್ಲಿಗೆ ನೀರು ಕಾಯಿಸ್ತಿದೆಯೋ ಅಲ್ಲಿ!"

ಬಾಯ್ಲರಿನವನು ಇನ್ನಷ್ಟು ಇಟ್ಟಿಗೆ ಒಳಗೆ ತಳ್ಳಿದ. "ಹೋಗಿ ಅಕ್ಕಾ, ಸುಡುಸುಡು ಕಳಿಸ್ತೀನಿ!"

ಮನೆಗೆ ಹೋಗುವಾಗ ಉಡುವ ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಹೆಂಗಸರ ದಂಡು ಅತಿಥಿಗೃಹಕ್ಕೆ ನುಗ್ಗಿತು. ಅಗುಳಿ ಬಿತ್ತು. ಹಬೆಯೇ ಹಬೆ. ಸಾಹೇಬರ ಸೋಪು ಕೈಯಿಂದ ಕೈಗೆ ಜಾರಿತು, ನೆಲಕ್ಕೆ ಬಿತ್ತು, ಹುಡುಕುವವರು ಒಬ್ಬರ ಮೇಲೊಬ್ಬರು ಬಿದ್ದರು. ಬೆನ್ನು ತಿಕ್ಕಿಸಿಕೊಳ್ಳುತ್ತಾ ಅಕ್ಕ ನಕ್ಕಳು, ನಗುತ್ತಲೇ ಅತ್ತಳು. ಇಷ್ಟು ಸುಖಕ್ಕೆ ಇಷ್ಟು ವರ್ಷ ಕಾಯಿಸಿದರಲ್ಲ!

ಬಾಗಿಲು ದಬದಬ ಎಂದಿತು. ಮ್ಯಾನೇಜರು.

"ಯಾರ್ರೀ ಒಳಗೆ?"

"ಬಂಗಾರ, ಸಾರ್!"

"ಎಲ್ಲರನ್ನೂ ಕೆಲಸದಿಂದ ಕಿತ್ತುಹಾಕ್ತೀನಿ!"

"ಹಾಕಿ ಸಾರ್. ನಾಳೆ ಕಟ್ಟೆ ಮೇಲೆ ನೀವೇ ತುಳೀರಂತೆ!"

ಮಿಂದಾದ ಮೇಲೆ ಪೇಚಾಟ ಶುರುವಾಯಿತು. ವಾಸನೆ ಹೋಯಿತೋ ಇಲ್ಲವೋ? ಒಬ್ಬಳು ಇನ್ನೊಬ್ಬಳ ಕತ್ತು ಮೂಸಿದಳು. ಯಾರಿಗೂ ಏನೂ ತಿಳಿಯಲಿಲ್ಲ.

ಅಕ್ಕ ಒಗೆದ ಸೀರೆ ಉಟ್ಟು, ಬಾಗಿಲು ತೆರೆದು, ಒದ್ದೆ ಕೈಯನ್ನು ನೇರ ಮ್ಯಾನೇಜರನ ಮೂಗಿಗೇ ಹಿಡಿದಳು.

"ಆಮೇಲೆ ಬೈರಿ ಸಾರ್. ಮೊದಲು ಮೂಸಿ ಹೇಳಿ. ನಮ್ಮ ಮೂಗು ನಿಮ್ಮ ಕಟ್ಟೆ ಮೇಲೆ ಸತ್ತಿದೆ. ನಾನು ಕೂಸನ್ನ ಎತ್ಕೋಬೇಕು."

ಮ್ಯಾನೇಜರನ ಮೂಗು ತಾನಾಗಿಯೇ ಮೂಸಿತು.

"ಸೋಪು... ಬರೀ ಸೋಪಿನ ವಾಸನೆ."

"ಹೋಯ್ತಂತೆ ಕಣ್ರೇ!" ಅಕ್ಕ ಕುಣಿದುಬಿಟ್ಟಳು. "ನಾಳೆನೂ ಇಲ್ಲೇ ಸ್ನಾನ!"

ಅವಳ ಹಿಂದಿನಿಂದ ಒದ್ದೆ ಕೈಗಳು ಒಂದಾದ ಮೇಲೊಂದು ಚಾಚಿಕೊಂಡವು.

"ನಂದೂ ಮೂಸಿ ಸಾರ್! ನಂದೂ!"