ಕೋಡಿನ ಸಿಪ್ಪೆ

ಆ ಬೆಳಿಗ್ಗೆ ಮಂಜು ಬೀದಿಯಲ್ಲಿ ಕೂತುಬಿಟ್ಟಿತ್ತು, ಏಳುವ ಮನಸ್ಸಿಲ್ಲದ ನೆಂಟರ ಹಾಗೆ. ಹೋಟೆಲಿನ ಅಡುಗೆಮನೆಯ ಕಿಟಕಿಯಾಚೆ ಎದುರುಗಡೆಯ ಗೋಡೆಯೂ ಕಾಣುತ್ತಿರಲಿಲ್ಲ, ಬರೀ ಬಿಳಿ. ಹಿರಿಯಳು ಪಾತ್ರೆಯ ಹಾಲನ್ನೇ ನೋಡುತ್ತ ನಿಂತಿದ್ದಳು. ಒಳಗೂ ಹೊರಗೂ ಒಂದೇ ಬಣ್ಣ. ನೋಡುತ್ತ ನೋಡುತ್ತ ತಾನು ಎಲ್ಲಿ ನಿಂತಿದ್ದೇನೆಂಬುದೇ ಅವಳಿಗೆ ಮರೆತಂತಾಗಿತ್ತು.

ಹಾಲಿನಲ್ಲಿ ವೆನಿಲ್ಲಾ ಕೋಡು, ಆ ಬಳ್ಳಿಯ ಒಣಗಿದ ಕಾಯಿ, ತೇಲುತ್ತಿತ್ತು. ಗೇಣುದ್ದದ ಆ ಕಪ್ಪು ಕೋಡನ್ನು ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಿನಿಂದ ಬೀಜ ಕೆರೆದು, ಬೀಜವನ್ನೂ ಸಿಪ್ಪೆಯನ್ನೂ ಕಸ್ಟರ್ಡಿನ ಹಾಲಿಗೆ ಬಿಟ್ಟಿದ್ದಳು. ಡಬ್ಬಿಯಲ್ಲಿ ಉಳಿದಿದ್ದುದು ಅದೊಂದೇ.

ಕಿರಿಯಳು ಒಳಗೆ ಬಂದವಳೇ ಮೂಗು ಮುಚ್ಚಿಕೊಂಡಳು. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದ ಓರಗಿತ್ತಿಯರು. ಈ ಅಡುಗೆಮನೆಯಲ್ಲಿ ಹಿರಿಯಳದು ಒಲೆ, ಕಿರಿಯಳದು ಪಾತ್ರೆ ಉಜ್ಜುವ ತೊಟ್ಟಿ.

"ಅಕ್ಕಾ, ಹಾಲು ತಳ ಹಿಡಿದಿದೆ!"

"ಎಲ್ಲಿ?"

"ಎಲ್ಲಿ ಅಂದ್ರೆ? ನಿನ್ನ ಮೂಗಿನ ಕೆಳಗೇ! ಬಾಗಿಲಾಚೆಗೇ ಬಡೀತಿದೆ ವಾಸನೆ."

ಹಿರಿಯಳು ಒಲೆ ಆರಿಸಿದಳು. "ಜ್ವರ ಬಂತಲ್ಲ, ಅವತ್ತಿಂದ ವಾಸನೆಯೇ ಗೊತ್ತಾಗ್ತಿಲ್ಲ ಕಣೇ. ದೇವರ ಮುಂದೆ ಊದುಬತ್ತಿ ಹಚ್ಚಿದ್ರೂ ಬರೀ ಹೊಗೆ ಕಾಣುತ್ತೆ, ಅಷ್ಟೇ."

"ನಂಗೂ ಹೇಳ್ಲಿಲ್ಲ!"

"ಹೇಳಿದ್ರೆ? ಒಲೆ ನಿನ್ನ ಪಾಲಾಗ್ತಿತ್ತು."

ಎಂಟು ವರ್ಷದಿಂದ ಕಿರಿಯಳ ಕಣ್ಣು ಆ ಒಲೆಯ ಮೇಲೇ ಇತ್ತು. ಹೋದ ವಾರ ಹೋಟೆಲಿನ ಯಜಮಾನರು ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು: ಹಿರಿಯಳ ಕೈಯಲ್ಲಿ ಇನ್ನೊಂದು ಸಲ ಹಾಲು ಸೀದರೆ ಒಲೆ ಬೇರೆಯವರಿಗೆ.

ಸೀದ ಹಾಲನ್ನು ಮೋರಿಗೆ ಚೆಲ್ಲಲು ಹೊರಟವಳನ್ನು ಹಿರಿಯಳು ತಡೆದಳು. "ಸಿಪ್ಪೆ ತೆಗಿ ಮೊದಲು. ತೊಳಿ."

"ಬೀಜವೆಲ್ಲ ಈ ಹಾಲಲ್ಲೇ ಹೋಯ್ತಲ್ಲ, ಇನ್ನೇನಿದೆ ಸಿಪ್ಪೇಲಿ?"

"ಬೀಜ ಕಣ್ಣಿಗೆ ಚಂದ. ಪರಿಮಳ ಸಿಪ್ಪೇಲೂ ಇರುತ್ತೆ."

ಹೊಸ ಹಾಲು ಒಲೆಗೇರಿತು. ಹಿರಿಯಳು ಮೇಲಿನ ಹಲಗೆಯಿಂದ ಸಕ್ಕರೆ ಜಾಡಿ ಇಳಿಸಿದಳು. ವರ್ಷವಿಡೀ ಬಳಸಿದ ಸಿಪ್ಪೆಗಳನ್ನೆಲ್ಲ ಒಣಗಿಸಿ ಅದರೊಳಗೆ ಹೂತಿಟ್ಟಿದ್ದಳು. ಈಗ ಆ ಸಕ್ಕರೆಯನ್ನೇ ಅಳೆದು ಹಾಕಿದಳು. ತೊಳೆದ ಸಿಪ್ಪೆಯನ್ನೂ ಬಿಟ್ಟಳು. ಅಂಚಿನಲ್ಲಿ ಗುಳ್ಳೆ ಕಾಣುತ್ತಲೇ ಒಲೆ ಆರಿಸಿ ಮುಚ್ಚಳ ಮುಚ್ಚಿದಳು.

"ಕುದಿಸಿದ್ರೆ ಪರಿಮಳ ಹಾರಿಹೋಗುತ್ತೆ. ಮುಚ್ಚಿಟ್ಟು ಸುಮ್ನೆ ಕೂತ್ರೆ ತಾನಾಗೇ ಹಾಲಿಗೆ ಇಳಿಯುತ್ತೆ."

ಇಬ್ಬರೂ ಬೆಂಚಿನ ಮೇಲೆ ಕೂತರು. ಕಿಟಕಿಯ ಸಂದಿಯಿಂದ ಮಂಜು ಎಳೆಯೆಳೆಯಾಗಿ ಒಳಗೆ ಬರುತ್ತಿತ್ತು. ಮದುವೆಯಾಗಿ ಬಂದ ಮೊದಲ ವಾರ ಮನೆಯಲ್ಲಿ ಕಿರಿಯಳೂ ಹೀಗೇ ಒಂದು ಪಾತ್ರೆ ಹಾಲು ಸೀಯಿಸಿದ್ದಳು. ಅತ್ತೆ ಸೌಟು ಹಿಡಿದೇ ಬಂದಾಗ ಹಿರಿಯಳು ತಲೆಯೆತ್ತದೆ, "ನಾನೇ ಅತ್ತೆ, ಎಲ್ಲೋ ನೋಡ್ತಿದ್ದೆ," ಎಂದಿದ್ದಳು. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

"ಪರಿಮಳ ಬಂತೇನೇ?"

"ಇನ್ನೂ ಇಲ್ಲ."

ಹಿರಿಯಳ ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಪ್ರಾರ್ಥನೆಯೋ ಲೆಕ್ಕವೋ ತಿಳಿಯದು.

"ಈಗ?"

ಕಿರಿಯಳು ಮುಚ್ಚಳ ಸರಿಸಿ ಕಣ್ಣು ಮುಚ್ಚಿದಳು. "ಬಂತು ಅಕ್ಕಾ."

"ಹೇಗಿದೆ?"

"ಮಗೂಗೆ ಸ್ನಾನ ಮಾಡಿಸಿ ಒರೆಸಿದ ಮೇಲೆ ನೆತ್ತಿ ಮೂಸಿದ್ರೆ ಬರುತ್ತಲ್ಲ, ಹಾಗಿದೆ."

ಹಿರಿಯಳೂ ಕಣ್ಣು ಮುಚ್ಚಿ, ದೂರದಿಂದ ಯಾರೋ ಕರೆದಿದ್ದಕ್ಕೆ ಓಗೊಟ್ಟವಳ ಹಾಗೆ ತಲೆಯಾಡಿಸಿದಳು.

ಯಜಮಾನರು ಬಂದಾಗ ಅವರ ಕೋಟಿನ ಮೇಲೆಲ್ಲ ಮಂಜಿನ ಹನಿ. ಸೌಟಿನಲ್ಲಿ ಹಾಲು ಎತ್ತಿ ರುಚಿ ನೋಡಿದರು, ಇನ್ನೊಂದು ಸಲ ನೋಡಿದರು. ಮುಖ ಅರಳಿತು. ಆಮೇಲೆ ಮೂಗು ತೊಟ್ಟಿಯ ಕಡೆ ತಿರುಗಿತು.

"ಎಲ್ಲೋ ಹಾಲು ಸೀದಿದೆ. ಯಾರು ಮಾಡಿದ್ದು?"

ಹಿರಿಯಳು ಬಾಯಿ ತೆರೆದಳು. ಅಷ್ಟರಲ್ಲಿ ತೊಟ್ಟಿಯ ಕಡೆಯಿಂದ, ಕರಿ ಹಿಡಿದ ಪಾತ್ರೆ ಉಜ್ಜುವ ಸದ್ದಿನ ನಡುವೆ, ಮಾತು ಕೇಳಿಸಿತು.

"ನಾನೇ ಯಜಮಾನ್ರೇ. ಎಲ್ಲೋ ನೋಡ್ತಿದ್ದೆ."

"ಸರಿ ಹೋಯ್ತು! ಮುಂದಿನ ತಿಂಗಳಿಂದ ನಿನಗೂ ಒಂದು ಒಲೆ ಕೊಡೋಣ ಅಂತಿದ್ದೆ. ಪಾತ್ರೆನೇ ತಿಕ್ಕು." ಅವರು ಹೊರಟುಹೋದರು.

ಕಿರಿಯಳು ತಲೆಯೆತ್ತಲಿಲ್ಲ. ಹಿರಿಯಳು ಹಾಲಿನಿಂದ ಸಿಪ್ಪೆಯನ್ನು ಎತ್ತಿ, ತೊಳೆದು, ಕಿಟಕಿಯ ಹತ್ತಿರ ಬಿಳಿ ಬಟ್ಟೆಯ ಮೇಲೆ ಒಣಗಲು ಹರವಿದಳು.

"ಇನ್ನೂ ಇದೆಯೇನೇ, ಪರಿಮಳ?"

ಕಿರಿಯಳು ಒದ್ದೆ ಕೈಯಲ್ಲೇ ಬಂದು ಬಗ್ಗಿ ಮೂಸಿದಳು. ಹೊರಗೆ ಎದುರಿನ ಗೋಡೆ ನಿಧಾನವಾಗಿ ಕಾಣತೊಡಗಿತ್ತು.

"ಇದೆ ಅಕ್ಕಾ."