ಖಂಡ್ಯಾನ ಬಾಯಿಯಲ್ಲಿ ಏನಿತ್ತು?

ಸಾಕಿದ ನಾಯಿಯ ಬಾಯಿ ನಾರಿದರೆ ಮೂಗು ಮುಚ್ಚಿಕೊಳ್ಳುತ್ತೇವೆ, ದೂರ ಅಟ್ಟುತ್ತೇವೆ. ಬಾಯಿ ತೆರೆದು ನೋಡುವವರು ಕಡಿಮೆ. ಕಾಗವಾಡದ ಹೊರಗೆ ತೋಟದಲ್ಲೇ ಮನೆ ಮಾಡಿಕೊಂಡಿದ್ದ ವಿರುಪಾಕ್ಷಪ್ಪನ ಮನೆಯಲ್ಲೂ ಹೀಗೇ ಆಗಿತ್ತು.

1994ರ ಫೆಬ್ರುವರಿ ತಿಂಗಳು. ಒಂದು ಕಡೆ ಕಬ್ಬು ಕಡಿಯುವ ಕೆಲಸ ನಡೆದಿತ್ತು. ಇನ್ನೊಂದು ಕಡೆ ದ್ರಾಕ್ಷಿ ಹಣ್ಣಾಗುತ್ತಿತ್ತು. ದ್ರಾಕ್ಷಿ ಹಣ್ಣಾದರೆ ನರಿಗಳು ಬರುತ್ತವೆ. ಕೆಳಗಿನ ಗೊಂಚಲುಗಳನ್ನೆಲ್ಲ ಮುಗಿಸಿ ಹೋಗುತ್ತವೆ. ಕೆಲವು ವರ್ಷಗಳಿಂದ ಅವನ್ನು ಬೇಲಿ ದಾಟಲು ಬಿಡದೆ ಕಾದದ್ದು ಖಂಡ್ಯಾ, ಆ ಮನೆಯ ಕಂದು ನಾಯಿ.

ಈ ಸಲ ಖಂಡ್ಯಾ ಏಳಲಿಲ್ಲ. ನರಿ ಕೂಗಿದರೆ ಕಿವಿ ಮಾತ್ರ ಎತ್ತುತ್ತಿತ್ತು. ರೊಟ್ಟಿ ಹಾಕಿದರೆ ಮೂಸಿ ನೋಡಿ ಬಿಡುತ್ತಿತ್ತು. ಜೊಲ್ಲು ಸುರಿಯುತ್ತಿತ್ತು. ಮುಂಗಾಲಿನಿಂದ ಆಗಾಗ ಬಾಯಿ ಕೆರೆದುಕೊಳ್ಳುತ್ತಿತ್ತು. ವಾಸನೆಯಂತೂ ಪಡಸಾಲೆಯಿಂದ ಅಡುಗೆಮನೆಯವರೆಗೂ ಬರುತ್ತಿತ್ತು.

"ಯವ್ವಾ, ಈ ನಾಯಿನ್ನ ಅತ್ತಾಗ ಕಟ್ಟ. ಗಂಟಲದಾಗ ರೊಟ್ಟಿ ಇಳಿವಲ್ದು," ಎಂದ ವಿರುಪಾಕ್ಷಪ್ಪ.

ಅವನ ತಾಯಿ ಗೌರಾಬಾಯಿ ಬಿಡಲಿಲ್ಲ. "ನೀ ದ್ರಾಕ್ಷಿಗೆ ಹುಳದ ಎಣ್ಣಿ ಹೊಡದ ನಾರಕೋತ ಬಂದಾಗ ಅದು ನಿನ್ನ ಮೂಸಿ ಮಾರಿ ತಿರುವಿತ್ತೇನು?"

"ಆತು ಬಿಡು. ಸೋಮವಾರ ಮಿರಜಿಗೆ ದ್ರಾಕ್ಷಿ ಲಾರಿ ಹೋಗತೈತಿ. ಅದರಾಗ ಹಾಕಿ ಕಳಸ್ತೀನಿ. ಡ್ರೈವರ್ ಅಲ್ಲೇ ಪ್ಯಾಟ್ಯಾಗ ಬಿಟ್ಟ ಬರ್ತಾನ. ನರಿ ಕಾಯದ ನಾಯಿ ತಗೊಂಡ ಏನ ಮಾಡೂಣು? ಹೊಸಾ ಮರಿ ತಂದ್ರಾತು."

ಗಂಡ ತೀರಿಕೊಂಡ ಮೇಲೆ ಗೌರಾಬಾಯಿ ಮಲಗುವ ಹೊರಸಿನ ಕೆಳಗೇ ಖಂಡ್ಯಾ ದಿನಾ ಮಲಗುತ್ತಿತ್ತು. ಆ ದಿನ ಬುಧವಾರ. ಸೋಮವಾರಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ.

ಪಕ್ಕದ ತೋಟದ ಜಿನಮತಿ ಸಂಜೆ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಅವರ ಮನೆಯಲ್ಲೂ ನಾಯಿ ಇತ್ತು. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲು ಎರಡೂ ಮನೆಯ ನಾಯಿಗಳನ್ನು ಅಥಣಿಯ ದನದ ದವಾಖಾನೆಗೆ ಕರೆದೊಯ್ಯುತ್ತಿದ್ದವರು ಅವರೇ. ಖಂಡ್ಯಾನನ್ನು ಕಂಡು ನಿಂತರು.

"ಗೌರಕ್ಕಾ, ಇದರ ಬಾಯಾಗ ಏನೋ ಆಗೇತಿ. ಡಾಕ್ಟರ್‌ಗೆ ತೋರಸ್ರಿ."

ವಿರುಪಾಕ್ಷಪ್ಪ ನಕ್ಕ. "ಜಿನಮತಿಬಾಯಿ, ನಾಯಿ ಬಾಯಿ ನಾರದ ಮಲ್ಲಿಗಿ ವಾಸನಿ ಬರತೈತೇನು? ನಮ್ಮ ಕಡೆ ಮಂದಿಗೇ ಹಲ್ಲಿನ ಡಾಕ್ಟರ್ ಸಿಗೂದಿಲ್ಲ. ನಾಯಿಗೆ ಎಲ್ಲಿಂದ ತರೂಣು?"

"ಸಂತ್ಯಾಗ ಎತ್ತ ಕೊಳ್ಳುವಾಗ ಬಾಯಿ ತಗದ ಹಲ್ಲ ನೋಡ್ತೀರಿಲ್ಲಣ್ಣಾ? ಮನ್ಯಾಗಿನ ನಾಯಿದ್ದ ನೋಡಾಕ ಏನಾಗೇತಿ?"

"ಎತ್ತ ದುಡೀತೈತಿ."

"ಇದು ಇಷ್ಟ ದಿನ ಕುಂತ ಉಂಡೈತೇನು? ನಿಮ್ಮ ದ್ರಾಕ್ಷಿ ಕಾದವರು ಯಾರು?"

ವಿರುಪಾಕ್ಷಪ್ಪ ತೋಟದ ಕಡೆ ಹೋದ.

ಗೌರಾಬಾಯಿಗೆ ರಾತ್ರಿಯೆಲ್ಲ ಅದೇ ಯೋಚನೆ. ಸೋಮವಾರದೊಳಗೆ ವಾಸನೆ ಹೋದರೆ ನಾಯಿ ಉಳಿಯುತ್ತದೆ. ಬೆಳಗಾದೊಡನೆ ತಮಗೆ ಗೊತ್ತಿದ್ದ ಮದ್ದನ್ನೇ ಮಾಡಿದರು. ಆ ಸೀಮೆಯ ಅನೇಕ ಹೆಂಗಸರಂತೆ ಅವರಿಗೂ ಮಿಶ್ರಿ ತಿಕ್ಕುವ ರೂಢಿ. ತಂಬಾಕನ್ನು ಕರ್ರಗೆ ಹುರಿದು ಮಾಡಿದ ಪುಡಿಯೇ ಮಿಶ್ರಿ. ಅದನ್ನು ಬೆರಳಿಗೆ ತೆಗೆದುಕೊಂಡು, ಖಂಡ್ಯಾನ ತುಟಿ ಎತ್ತಿ, ಹಲ್ಲಿಗೂ ಒಸಡಿಗೂ ತಿಕ್ಕಿದರು.

ಸ್ವಲ್ಪ ಹೊತ್ತಿಗೆ ಖಂಡ್ಯಾನ ಬಾಯಲ್ಲಿ ನೊರೆ ಬಂತು. ವಾಂತಿ ಮಾಡಿಕೊಂಡಿತು. ಎದ್ದು ನಿಲ್ಲಹೋಗಿ ಕಾಲು ಸೋತು ಬಿತ್ತು.

ಗೌರಾಬಾಯಿಯ ಕೂಗು ಕೇಳಿ ಜಿನಮತಿ ಓಡಿ ಬಂದರು. "ಏನ ಹಾಕೀದಿರಿ?"

"ಮಿಶ್ರಿ ತಿಕ್ಕೀನ್ವಾ, ಒಂದೀಟ. ನಾ ದಿನಾ ತಿಕ್ಕೊಳ್ಳೂದನ."

"ತಂಬಾಕ ನಾಯಿಗೆ ವಿಷ ಐತ್ರಿ ಗೌರಕ್ಕಾ. ಅದಕ್ಕ ಉಗುಳಾಕ ಬರೂದಿಲ್ಲ. ತಿಕ್ಕಿದ್ದೆಲ್ಲಾ ನುಂಗತೈತಿ."

ಜಿನಮತಿ ಒದ್ದೆ ಬಟ್ಟೆಯಿಂದ ನಾಯಿಯ ಬಾಯಿ ಒರೆಸಿದರು. ನೀರು ಹೊಯ್ಯಲು ಹೋದ ಗೌರಾಬಾಯಿಯ ಕೈ ತಡೆದರು. ನೆಟ್ಟಗೆ ನುಂಗಲಾರದ ನಾಯಿಗೆ ನೀರು ಕುಡಿಸಿದರೆ ಅದು ಶ್ವಾಸಕ್ಕೆ ಇಳಿಯಬಹುದು. ಹಾಲಿನ ಟೆಂಪೊ ಇನ್ನೂ ದಾರಿಯಲ್ಲಿತ್ತು. ಅದನ್ನು ನಿಲ್ಲಿಸಿದರು. ಕಬ್ಬಿನ ಗದ್ದೆಯಿಂದ ಓಡಿಬಂದ ವಿರುಪಾಕ್ಷಪ್ಪ, ತಾಯಿಯ ಮುಖ ನೋಡಿ, ನಾಯಿಯನ್ನು ಎತ್ತಿ ಟೆಂಪೊದಲ್ಲಿ ಮಲಗಿಸಿದ. ಮೂವರೂ ಅಥಣಿಗೆ ಹೊರಟರು.

ದವಾಖಾನೆಯಲ್ಲಿ ಡಾಕ್ಟರ್ ನಾಮದೇವ ತಡಮಾಡಲಿಲ್ಲ. ಏನು, ಎಷ್ಟು, ಯಾವಾಗ ತಿಕ್ಕಿದಿರಿ ಎಂದು ಕೇಳಿಕೊಂಡರು. ಸೂಜಿ ಹಾಕಿದರು, ಸಲೈನ್ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಖಂಡ್ಯಾ ತಲೆ ಎತ್ತಿತು.

"ಲಗೂನ ಕರಕೊಂಡ ಬಂದೀರಿ, ಉಳೀತು," ಎಂದರು ಡಾಕ್ಟರ್. "ಇನ್ನ ಬಾಯಿ ನೋಡೂಣು. ಮೂಲ ಅಲ್ಲೈತಿ."

ನಾಯಿಗೆ ಮಂಪರು ಬರುವ ಔಷಧ ಕೊಟ್ಟು ಬಾಯಿ ತೆರೆದರು. ಬ್ಯಾಟರಿ ಹಿಡಿದು ನೋಡಿದರು. ಚಿಮಟಿಗೆ ಒಳಗೆ ಹೋಯಿತು, ಒಂದು ಜಗ್ಗು, ಹೊರಗೆ ಬಂತು. ಅದರ ತುದಿಯಲ್ಲಿ ಬೆರಳುದ್ದದ ಕರ್ರಗಿನ ಸಿಬಿರು. ಅಂಗುಳಕ್ಕೆ ಅಡ್ಡವಾಗಿ, ಎರಡೂ ಕಡೆಯ ದವಡೆಹಲ್ಲುಗಳ ನಡುವೆ ತೊಲೆಯ ಹಾಗೆ ಸಿಕ್ಕಿಕೊಂಡಿತ್ತು. ಅದರ ಸುತ್ತ ಮಾಂಸ ಕೊಳೆತಿತ್ತು.

"ಕಬ್ಬಿನ ಸಿಪ್ಪಿ," ಎಂದರು ಡಾಕ್ಟರ್. "ನಾಯಿಗೆ ಕಬ್ಬ ಕೊಟ್ಟವರು ಯಾರು?"

ವಿರುಪಾಕ್ಷಪ್ಪ ಗೋಡೆ ನೋಡಿದ.

"ಈಗ ಹೇಳಪಾ," ಎಂದರು ಗೌರಾಬಾಯಿ. "ಕಬ್ಬ ಕಡ್ಯಾಕ ಬಂದವರ ಮುಂದ ದಿನಾ ಗಣಿಕಿ ತುಂಡ ಒಗದ, ನಮ್ಮ ನಾಯಿ ಕಬ್ಬ ಹೆಂಗ ತಿಂತೈತಿ ನೋಡ್ರಿ ಅಂತ ಎದಿ ಉಬ್ಬಸ್ತಿದ್ದಿ."

"ಮಜಾಕ್ಕ ಒಗದಿದ್ನಿ ಬೇ," ಎಂದ ವಿರುಪಾಕ್ಷಪ್ಪ, ಸಣ್ಣ ದನಿಯಲ್ಲಿ. "ಅದರ ಬಾಯಾಗ ಹಿಂಗ ಸಿಕ್ಕೊಂಡಿರತೈತಿ ಅಂತ ಯಾರಿಗೆ ಗೊತ್ತು?"

"ಹಂಗಾರ ನೀ ಕೊಟ್ಟ ನಾತಕ್ಕ ನಾಯಿನ್ನ ಮಿರಜಿಗೆ ಕಳಸಾಕತ್ತಿದ್ದಿ."

ಡಾಕ್ಟರ್ ನಡುವೆ ಬಂದರು. "ಯಜಮಾನ್ರ, ಬರೇ ಸಿಪ್ಪಿದಲ್ಲ. ಇಲ್ಲಿ ನೋಡ್ರಿ." ಖಂಡ್ಯಾನ ಹಲ್ಲಿನ ಬುಡದಲ್ಲಿ ಹಳದಿ, ಕಂದು ಬಣ್ಣದ ಕಿಟ್ಟ ಗಾರೆಯ ಹಾಗೆ ಕಟ್ಟಿತ್ತು. ಒಸಡು ಕೆಂಪಗೆ ಬಾತಿತ್ತು. ಒಂದು ಹಲ್ಲು ಅಲುಗುತ್ತಿತ್ತು. "ನಾಯಿ ಬಾಯಿ ನಾರೂದಕ್ಕ ಹೆಚ್ಚಾಗಿ ಇದ ಕಾರಣ. ಹಲ್ಲಿಗೆ ಅಂಟಿದ ತಿನಿಸು ಕೊಳತ ಕಿಟ್ಟ ಆಗತೈತಿ. ಒಸಡಿಗೆ ಕೀವ ಬರತೈತಿ. ಹಂಗ ಬಿಟ್ರ ಆ ಸೋಂಕು ರಕ್ತಕ್ಕ ಸೇರಿ ಹೃದಯಕ್ಕೂ ಕಿಡ್ನಿಗೂ ತ್ರಾಸ ಕೊಡಬಹುದು. ಕೆಲವೊಮ್ಮಿ ಕಿಡ್ನಿ ಕೆಟ್ಟಿದ್ರ, ಸಕ್ಕರಿ ಕಾಯಿಲೆ ಇದ್ರ ಸೈತ ಬಾಯಿ ವಾಸನಿ ಬರತೈತಿ. ಅದಕ್ಕ ಮನ್ಯಾಗ ಕುಂತ ಮದ್ದ ಮಾಡಬ್ಯಾಡ್ರಿ. ಮೊದಲ ತೋರಸ್ರಿ."

"ಹಂಗಾರ ಮನ್ಯಾಗ ನಾವ ಮಾಡೂದು ಏನೂ ಇಲ್ಲೇನ್ರಿ?" ವಿರುಪಾಕ್ಷಪ್ಪ ಕೇಳಿದ. ಈ ಸಲ ಅವನ ದನಿಯಲ್ಲಿ ನಗೆ ಇರಲಿಲ್ಲ.

"ಐತಿ. ಗಾಯ ಮಾಯ್ದ ಮ್ಯಾಲ ಬೆರಳಿಗೆ ಹಸನ ಬಟ್ಟಿ ಸುತ್ತಿ, ನೀರಾಗ ಎದ್ದಿ, ದಿನಾ ಹಲ್ಲ ಒರಸ್ರಿ. ಮೊದಲ ಮುಂದಿನ ಹಲ್ಲ ಅಷ್ಟ. ರೂಢಿ ಆದಂಗ ಒಳಗ ಹೋಗ್ರಿ. ಜಬರದಸ್ತಿ ಮಾಡಬ್ಯಾಡ್ರಿ, ನೋವಿದ್ರ ಕಡೀತೈತಿ. ನಮ್ಮ ಟೂತ್‌ಪೇಸ್ಟ್ ಬ್ಯಾಡ, ಉಪ್ಪ ಬ್ಯಾಡ, ಇದ್ದಲಿ ಬ್ಯಾಡ. ಕಬ್ಬ, ಬೆಲ್ಲ, ಬೇಯಿಸಿದ ಎಲುವ ಹಾಕಬ್ಯಾಡ್ರಿ." ಆಮೇಲೆ ಗೌರಾಬಾಯಿಯ ಕಡೆ ತಿರುಗಿದರು. "ಆಯಿ, ಆ ಮಿಶ್ರಿ ನಿಮ್ಮ ಬಾಯಿಗೂ ಚಲೋದಲ್ಲ. ಬಾಯಿ ಕ್ಯಾನ್ಸರ್‌ಗೆ ತಂಬಾಕ ಕಾರಣ ಆಗತೈತಿ."

"ನಾಯಿ ತೋರಸಾಕ ಬಂದ್ರ ನನ್ನ ಬಾಯಿನೂ ನೋಡಿದ್ರಲ್ಲ," ಎಂದರು ಗೌರಾಬಾಯಿ. ಜಿನಮತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಮರುದಿನ ಖಂಡ್ಯಾ ಹಾಲಿನಲ್ಲಿ ಕಲಸಿದ ರೊಟ್ಟಿಯನ್ನು ತಟ್ಟೆ ನೆಕ್ಕಿ ಮುಗಿಸಿತು. ಶನಿವಾರ ಅಂಗಳದಲ್ಲಿ ಓಡಾಡಿತು. ಭಾನುವಾರ ಹೊತ್ತು ಮುಳುಗುವಾಗ ಕಾಲುವೆಯ ಆಚೆ ನರಿ ಕೂಗಿತು. ಖಂಡ್ಯಾ ಹೊರಸಿನ ಕೆಳಗಿನಿಂದ ಎದ್ದದ್ದನ್ನು ಗೌರಾಬಾಯಿ ನೋಡಿದರು. ಬೇಲಿಯವರೆಗೆ ಹೋದದ್ದನ್ನು ವಿರುಪಾಕ್ಷಪ್ಪ ನೋಡಿದ. ಅಲ್ಲಿಂದ ಆಚೆ ಬೊಗಳುವ ಸದ್ದಷ್ಟೇ ಕೇಳಿತು. ಅದು ತೋಟದ ಒಂದು ತುದಿಯಿಂದ ಇನ್ನೊಂದು ತುದಿಗೆ, ಅಲ್ಲಿಂದ ಕಾಲುವೆ ದಾಟಿ ದೂರಕ್ಕೆ ಹೋಯಿತು. ಖಂಡ್ಯಾ ತಿರುಗಿ ಬಂದಾಗ ಬಾಲ ಮೇಲಿತ್ತು.

"ಜಿನಮತಿ," ಗೌರಾಬಾಯಿ ಬೇಲಿಯ ಆಚೆಗೆ ಕೂಗಿ ಹೇಳಿದರು, "ಕೇಳಿದೇನು?"

"ಕಾಗವಾಡಕ್ಕೆಲ್ಲಾ ಕೇಳೇತ್ರಿ ಗೌರಕ್ಕಾ."

ಸೋಮವಾರ ಲಾರಿ ಬಂತು. ದ್ರಾಕ್ಷಿ ಪೆಟ್ಟಿಗೆಗಳು ಏರಿದವು. "ನಾಯಿ ಒಯ್ಯೂದೈತಿ ಅಂದಿದ್ರಲ್ಲ, ಎಲ್ಲೈತಿ?" ಎಂದ ಡ್ರೈವರ್.

"ಅದಕ್ಕ ಇಲ್ಲಿ ಕೆಲಸ ಐತಿ. ನೀ ನಡಿ," ಎಂದ ವಿರುಪಾಕ್ಷಪ್ಪ.

ಮುಂದಿನ ವಾರ ಅವನೇ ಖಂಡ್ಯಾನನ್ನು ಅಥಣಿಗೆ ಕರೆದೊಯ್ದ. ಡಾಕ್ಟರ್ ಅರಿವಳಿಕೆ ಕೊಟ್ಟು ಕಿಟ್ಟ ಕೆರೆದು ತೆಗೆದರು, ಅಲುಗುತ್ತಿದ್ದ ಹಲ್ಲನ್ನು ಕಿತ್ತರು. ಗಾಯ ಮಾಯ್ದ ಮೇಲೆ ದಿನಾ ಬೆಳಗ್ಗೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಅಂಗಳದಲ್ಲಿ ಕೂರುತ್ತಿದ್ದವನು ವಿರುಪಾಕ್ಷಪ್ಪ. ಮಿಶ್ರಿ ಡಬ್ಬಿಯನ್ನು ಅವನು ನಾಯಿಗೆ ಎಟುಕದ ಹಾಗೆ ಗೋಡೆಯ ಎತ್ತರದ ಗೂಡಿನಲ್ಲಿ ಇಟ್ಟ. ಅದು ಗೌರಾಬಾಯಿಗೂ ಎಟುಕುತ್ತಿರಲಿಲ್ಲ. ಇಳಿಸಿಕೊಡು ಎಂದು ಅವರು ಕೇಳಲೂ ಇಲ್ಲ.

ಓದುಗರೇ, ನಿಮ್ಮ ಮನೆಯ ನಾಯಿಗೆ ಹಲ್ಲು ನೋಯುತ್ತಿದೆ ಎಂದು ಹೇಳಲು ಬರುವುದಿಲ್ಲ. ಆ ಕೆಟ್ಟ ವಾಸನೆಯೇ ಅದರ ದೂರು. ಅದು ಜೊಲ್ಲು ಸುರಿಸಿದರೆ, ಬಾಯಿ ಕೆರೆದುಕೊಂಡರೆ, ಊಟ ಬಿಟ್ಟರೆ ಕಾಯಬೇಡಿ. ಮಿಶ್ರಿ, ತಂಬಾಕು ಯಾವ ಕಾರಣಕ್ಕೂ ಹಚ್ಚಬೇಡಿ. ಹತ್ತಿರದ ದನದ ದವಾಖಾನೆಗೆ ಕರೆದೊಯ್ಯಿರಿ. ವರ್ಷದ ಲಸಿಕೆಗೆ ಹೋದಾಗ ಹಲ್ಲನ್ನೂ ತೋರಿಸಿ. ಇವತ್ತು ಸಂಜೆ ಅದು ಬಾಲ ಆಡಿಸುತ್ತ ಹತ್ತಿರ ಬಂದಾಗ ಮೂಗು ಮುಚ್ಚಿಕೊಳ್ಳಬೇಡಿ. ಮೆಲ್ಲಗೆ ತುಟಿ ಎತ್ತಿ, ಒಮ್ಮೆ ನೋಡಿ.