ಒಂಬತ್ತು ಮತದ ಮಂಗಳವಾರ

ಬ್ರೆಡ್ಡಿಗೆ ರಜೆ ಇಲ್ಲ, ಬೇಯಿಸುವವರಿಗೆ ಬೇಕು. ಹಾಗಾಗಿ ಇಪ್ಪತ್ತು ಸದಸ್ಯರ ಸಹಕಾರಿ ಬೇಕರಿಯಲ್ಲಿ ವಾರದ ರಜೆ ಯಾವತ್ತು ಎಂದು ಕೈ ಎತ್ತಿಸಿದರು. ಮಂಗಳವಾರಕ್ಕೆ ಒಂಬತ್ತು, ಭಾನುವಾರಕ್ಕೆ ಏಳು, ಶುಕ್ರವಾರಕ್ಕೆ ನಾಲ್ಕು ಕೈ ಎದ್ದವು.

ಹಿಟ್ಟು ನಾದುವವಳ ಮುಖ ಇಳಿಯಿತು. ಹಾಸ್ಟೆಲಿನಲ್ಲಿರುವ ಮಗಳನ್ನು ನೋಡಲು ಬಿಡುವುದು ಭಾನುವಾರ ಮಾತ್ರ.

"ಗೆದ್ದಿದ್ದು ಮಂಗಳವಾರ," ಎಂದ ಒಲೆ ನೋಡಿಕೊಳ್ಳುವ ಅವಳ ಅಣ್ಣ. "ಜಾಸ್ತಿ ಮಾರಾಟ ಆಗೋ ಬನ್ನಿಗೇ ಅಲ್ವೇನೇ ಮುಂದಿನ ಕಪಾಟು? ಇದೂ ಅಷ್ಟೇ."

"ಹೋಗ್ಲಿ ಬಿಡಣ್ಣ," ಎಂದು ಅವಳು ಹಿಟ್ಟಿಗೆ ಎರಡು ಗುದ್ದು ಹೆಚ್ಚಿಗೆ ಕೊಟ್ಟಳು.

ಕೇಕಿನ ಮೇಲೆ ಹೂ ಬಿಡಿಸುವ ಅವಳ ಗೆಳತಿ, ಎಲ್ಲರ ಬಾಯಲ್ಲಿ ಕೇಕಕ್ಕ, ಸುಮ್ಮನಿರಲಿಲ್ಲ. ಅಧ್ಯಕ್ಷರ ಹಾಗೆ ಹೊಟ್ಟೆ ಮುಂದೆ ಮಾಡಿ, ಗಂಟಲು ಕೆರೆದು, ಅವರದೇ ದನಿಯಲ್ಲಿ ಶುರುಮಾಡಿದಳು: "ಸದಸ್ಯರೇ! ನಮ್ಮ ನಿಯಮ ಕೇಳೋದು ಬಹುಮತ!"

ಅಧ್ಯಕ್ಷರೂ ನಕ್ಕರು. ಅಣ್ಣ ನಗಲಿಲ್ಲ. "ಏಳಕ್ಕಿಂತ ಒಂಬತ್ತು ದೊಡ್ಡದಲ್ವಾ? ಇನ್ಯಾವ ಬಹುಮತ ಬೇಕು ನಿಂಗೆ?"

"ದೊಡ್ಡದೇ ಕಣಣ್ಣ. ಅದು ಅತಿ ಹೆಚ್ಚು ಮತ, ಅಷ್ಟೇ. ಬಹುಮತ ಅಂದ್ರೆ ಅರ್ಧ ದಾಟಬೇಕು, ಅಂದ್ರೆ ಹನ್ನೊಂದು. ಬೇರೆ ದಿನ ಕೇಳಿದೋರನ್ನ ಕೂಡಿಸು ನೋಡೋಣ."

ಅಣ್ಣ ಬೆರಳು ಮಡಚಿದ. "ಏಳು, ನಾಲ್ಕು... ಅಯ್ಯೋ, ಹನ್ನೊಂದು."

ಆದರೂ ಬಿಡಲಿಲ್ಲ. "ಊರಿನ ಚುನಾವಣೇಲಿ ಅರ್ಧ ಮತ ಬೀಳದೋನೂ ಗೆದ್ದು ಮೆರೀತಾನಲ್ಲ, ಅದು?"

"ಅಲ್ಲಿಯ ನಿಯಮಕ್ಕೆ ಎಲ್ಲರಿಗಿಂತ ಮುಂದಿದ್ರೆ ಸಾಕು. ನಮ್ಮ ನಿಯಮಕ್ಕೆ ಸಾಲದು. ಒಲೆ ಅರ್ಧ ಕಾದ್ರೆ ನೀನೇ ಟ್ರೇ ಒಳಗೆ ಬಿಡಲ್ಲ."

ಅಧ್ಯಕ್ಷರು ನಿಯಮ ತೆಗೆದು ಓದಿದರು: ಯಾವುದಕ್ಕೂ ಬಹುಮತ ಸಿಗದಿದ್ದರೆ ಹೆಚ್ಚು ಮತ ಬಿದ್ದ ಮೊದಲೆರಡರ ನಡುವೆ ಮತ್ತೆ ಮತ. ಶುಕ್ರವಾರದ ನಾಲ್ವರೂ ಮೂಟೆ ಇಳಿಸುವವರು. "ಮಂಗಳವಾರ ಹಿಟ್ಟಿನ ಲಾರಿ ಬರುತ್ತೆ. ರಜೆ ದಿನಾನೂ ನಮ್ಮ ಬೆನ್ನೇ ಬಗ್ಗಬೇಕಾ?" ಎಂದು ಭಾನುವಾರಕ್ಕೆ ಕೈ ಎತ್ತಿದರು. ಭಾನುವಾರಕ್ಕೆ ಹನ್ನೊಂದು, ಮಂಗಳವಾರಕ್ಕೆ ಒಂಬತ್ತು.

ತಂಗಿ ಅಣ್ಣನ ಕಡೆ ನೋಡಿದಳು. "ನೀನು ಈಗ್ಲೂ ಮಂಗಳವಾರಾನೇ?"

"ಹೂಂ. ನನ್ನ ಮತ ನಂದು," ಎಂದ ಅವನು, ಕೈಯ ಹಿಟ್ಟು ಒರೆಸಿಕೊಳ್ಳುತ್ತ. "ಆದ್ರೆ ಭಾನುವಾರ ಈಗ ನಂಗೂ ರಜೆ ತಾನೆ? ಮಗು ನೋಡೋಕೆ ಹೊರಟಾಗ ಕರಿ. ನಾನೂ ಬರ್ತೀನಿ."

ನಿಮ್ಮ ಸಂಘದಲ್ಲಿ, ನಿಮ್ಮ ಕಟ್ಟಡದಲ್ಲಿ ನಾಳೆ ಮತ ಇದ್ದರೆ ಮೊದಲೇ ಕೇಳಿಕೊಳ್ಳಿ: ಇಲ್ಲಿ ಗೆಲ್ಲಲು ಎಲ್ಲರಿಗಿಂತ ಹೆಚ್ಚು ಮತ ಸಾಕೇ, ಅರ್ಧ ದಾಟಲೇಬೇಕೇ? ಎರಡೂ ಸರಿಯೇ, ಆದರೆ ಎರಡೂ ಒಂದಲ್ಲ. ಕೈ ಎತ್ತುವ ಮುನ್ನ ಒಮ್ಮೆ ಬಾಯಿ ಬಿಡಿ.